ತಳವಿಲ್ಲದ ತೆಳುನೀರು: ಅಪಾಪ್ಕ ಸರೋವರ ಬಾಸ್ ಮೀನನ್ನು ಕಳೆದುಕೊಂಡ ಪ್ರಕರಣ

ಅಮೆರಿಕದ ಫ್ಲಾರಿಡಾ ರಾಜ್ಯದ ನಡುಭಾಗದಲ್ಲಿ, ಒರ್ಲ್ಯಾಂಡೊ ನಗರದಿಂದ ವಾಯವ್ಯಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ ಅಪಾಪ್ಕ ಸರೋವರವಿದೆ. ವಿಸ್ತೀರ್ಣ ಸುಮಾರು 125 ಚದರ ಕಿಲೋಮೀಟರ್. ಒಂದು ದಡದಲ್ಲಿ ನಿಂತರೆ ಎದುರು ದಡ ಮಂಕಾದ ಗೆರೆಯಂತೆ ಕಂಡರೆ ಕಂಡೀತು. ಇಷ್ಟು ದೊಡ್ಡ ನೀರಿನ ಸರಾಸರಿ ಆಳ ಮಾತ್ರ ಒಂದೂಮುಕ್ಕಾಲು ಮೀಟರಿಗೂ ಕಡಿಮೆ. ಲೆಕ್ಕದ ಪ್ರಕಾರ ಎತ್ತರದ ಆಳು ಸರೋವರದ ನಡುವೆ ಇಳಿದು ನಿಂತರೆ ತಲೆ ನೀರಿನ ಮೇಲಿರಬೇಕು. ಆದರೆ ಅಲ್ಲಿ ನಿಲ್ಲಲು ನೆಲವೇ ಸಿಗುವುದಿಲ್ಲ. ನೀರು ಎಲ್ಲಿ ಮುಗಿಯಿತು, ಕೆಸರು ಎಲ್ಲಿ ಶುರುವಾಯಿತು ಎಂದು ಕಾಲಿಗೆ ತಿಳಿಯದಷ್ಟು ಮೆತ್ತಗಿನ ರಾಡಿ ಅಡಿಯಲ್ಲಿದೆ.

1940ರ ದಶಕದವರೆಗೆ ಇದೇ ಸರೋವರ ಗಾಳ ಹಾಕುವವರಿಗೆ ಯಾತ್ರಾಸ್ಥಳವಾಗಿತ್ತು. ಲಾರ್ಜ್‌ಮೌತ್ ಬಾಸ್ ಮೀನಿಗಾಗಿ ದೂರದೂರದ ರಾಜ್ಯಗಳಿಂದ ಜನ ಬರುತ್ತಿದ್ದರು. ದೋಣಿ ಬಾಡಿಗೆ, ಜೀವಂತ ಎರೆ, ರಾತ್ರಿ ತಂಗಲು ಮರದ ಕೋಣೆ ಎಲ್ಲವನ್ನೂ ಒದಗಿಸುವ ‘ಫಿಶ್ ಕ್ಯಾಂಪ್’ಗಳು ದಡದ ಸುತ್ತ ಇಪ್ಪತ್ತಕ್ಕೂ ಹೆಚ್ಚಿದ್ದವು. ಮುಂದಿನ ಕೆಲವು ದಶಕಗಳಲ್ಲಿ ಅವೆಲ್ಲ ಒಂದೊಂದಾಗಿ ಬಾಗಿಲು ಹಾಕಿದವು. ಹಾಗಾದದ್ದು ಅತಿಯಾಗಿ ಮೀನು ಹಿಡಿದದ್ದರಿಂದಲ್ಲ. ಆಳವಿಲ್ಲದ ಸರೋವರದಲ್ಲಿ ಗಾಳಕ್ಕೆ ಏನು ಬೀಳುತ್ತದೆ ಎಂಬುದನ್ನು ತಳದ ನೆಲ, ಅದರಲ್ಲಿ ಬೇರೂರಿದ ಗಿಡ ಮತ್ತು ಮೇಲೆ ಬೀಸುವ ಗಾಳಿ ಈ ಮೂರೂ ಸೇರಿ ತೀರ್ಮಾನಿಸುತ್ತವೆ. ಮೀನು ಆಮೇಲಿನ ಮಾತು. ಇದು ಅಪಾಪ್ಕದಷ್ಟು ಸ್ಪಷ್ಟವಾಗಿ ಕಾಣುವ ಪ್ರಕರಣ ಇನ್ನೊಂದಿರಲಾರದು.

ನೀರು, ಗಾಳಿ, ತಳ

ಸರೋವರದ ನೈರುತ್ಯ ಮೂಲೆಯಲ್ಲಿ, ಗೋರ್ಡ್ ನೆಕ್ ಎಂಬ ಇಕ್ಕಟ್ಟಾದ ಭಾಗದಲ್ಲಿ, ಸುಣ್ಣಕಲ್ಲಿನ ಪದರದಿಂದ ಒಂದು ಬುಗ್ಗೆ ಉಕ್ಕುತ್ತದೆ. ಮೈಮೇಲೆ ಸುರಿಯುವ ಮಳೆ ಮತ್ತು ಈ ಬುಗ್ಗೆ, ಇವೇ ಮುಖ್ಯ ನೀರಿನ ಮೂಲಗಳು. ಹೇಳಿಕೊಳ್ಳುವಂಥ ನದಿ ಯಾವುದೂ ಬಂದು ಸೇರುವುದಿಲ್ಲ. ಹೊರಹರಿವು ಉತ್ತರಕ್ಕೆ. ಹಿಂದೆ ಉತ್ತರ ದಡದ ಉದ್ದಕ್ಕೂ ವಿಶಾಲವಾದ ಜೌಗು ಇತ್ತು. ಗರಗಸದ ಅಂಚಿನ ಸಾಗ್ರಾಸ್ ಹುಲ್ಲು ಬೆಳೆದ ಆ ಜೌಗಿನ ಮೂಲಕ ನೀರು ನಿಧಾನವಾಗಿ ಜಿನುಗಿ ಸಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಪಾಪ್ಕ-ಬೋಕ್ಲೇರ್ ಕಾಲುವೆಯನ್ನು ತೋಡಿದರು. ಅಲ್ಲಿಂದ ನೀರು ಬೋಕ್ಲೇರ್, ಡೋರಾ, ಯೂಸ್ಟಿಸ್, ಗ್ರಿಫಿನ್ ಸರೋವರಗಳ ಸರಣಿಯನ್ನು ದಾಟಿ ಓಕ್ಲವಾಹ ನದಿಗೆ, ಅದರಿಂದ ಸೇಂಟ್ ಜಾನ್ಸ್ ನದಿಗೆ, ಕೊನೆಗೆ ಅಟ್ಲಾಂಟಿಕ್ ಸಾಗರಕ್ಕೆ ಸೇರುತ್ತದೆ. ಸರಪಳಿಯ ತಲೆಯಲ್ಲಿರುವ ಸರೋವರ ಕೆಟ್ಟರೆ ಕೆಳಗಿನವುಗಳಿಗೂ ಅದೇ ನೀರು.

ಅಲೆಯ ಅಲುಗಾಟ ನೀರಿನೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗೆ ಎಷ್ಟು ದೂರವೋ ಅದರ ಅರ್ಧದಷ್ಟು ಆಳಕ್ಕೆ. ಸುಮಾರು ಹತ್ತು ಕಿಲೋಮೀಟರ್ ಬಯಲು ನೀರಿನ ಮೇಲೆ ತಡೆಯಿಲ್ಲದೆ ಬೀಸುವ ಗಾಳಿ ಎಂಟು-ಹತ್ತು ಮೀಟರ್ ಅಂತರದ ಅಲೆಗಳನ್ನು ಸುಲಭವಾಗಿ ಎಬ್ಬಿಸುತ್ತದೆ. ಅಂದರೆ ಅಲುಗಾಟ ನಾಲ್ಕೈದು ಮೀಟರ್ ಇಳಿಯಬಲ್ಲದು. ನೀರಿರುವುದು ಅದರ ಅರ್ಧಕ್ಕಿಂತ ಕಡಿಮೆ. ಆಳವಾದ ಸರೋವರದಲ್ಲಿ ಒಮ್ಮೆ ತಳಕ್ಕಿಳಿದ ಹೂಳು ಅಲ್ಲೇ ಉಳಿಯುತ್ತದೆ. ಇಲ್ಲಿ ಪ್ರತಿ ಗಾಳಿಗೂ ಅದು ಮೇಲೆದ್ದು ನೀರನ್ನು ಕದಡುತ್ತದೆ. ತಡೆಯುವುದು ಒಂದೇ: ತಳದಲ್ಲಿ ಬೇರೂರಿ, ನೀರಿನ ಮೇಲ್ಮೈವರೆಗೂ ಬೆಳೆದು, ಅಲೆಯ ಕಸುವನ್ನು ನುಂಗುವ ಗಿಡಗಳ ಹಾಸು.

ಆ ಹಾಸು ಅಪಾಪ್ಕದಲ್ಲಿ ಇತ್ತು. ಎಲ್‌ಗ್ರಾಸ್ ಎಂಬ ಪಟ್ಟಿಯಂಥ ಎಲೆಗಳ ಹುಲ್ಲು, ಪಾಂಡ್‌ವೀಡ್ ಜಾತಿಯ ಗಿಡಗಳು ಸರೋವರದ ಬಹುಭಾಗವನ್ನು ಆವರಿಸಿದ್ದವು. ನೀರು ತಿಳಿಯಾಗಿತ್ತು. ದೋಣಿಯಿಂದ ತಳ ಕಾಣುತ್ತಿತ್ತು ಎಂದು ಹಳೆಯ ವರದಿಗಳು ಹೇಳುತ್ತವೆ. ಹಳಬರ ಮಾತಿನಲ್ಲಿ ಮೀನಿನ ಗಾತ್ರ ಬೆಳೆಯುವುದು ಗೊತ್ತಿರುವ ಸಂಗತಿಯೇ. ಆದರೆ ನೀರಿನ ತಿಳಿಯ ವಿಷಯದಲ್ಲಿ ಆ ಕಾಲದ ಎಲ್ಲರ ಮಾತೂ ಒಂದೇ ಆಗಿರುವುದರಿಂದ ನಂಬಲು ಅಡ್ಡಿಯಿಲ್ಲ.

ಬಾಸ್ ಮೀನಿಗೆ ಬೇಕಾದದ್ದು

ಲಾರ್ಜ್‌ಮೌತ್ ಬಾಸ್ ಕಣ್ಣಿನಿಂದ ಬೇಟೆಯಾಡುವ ಮೀನು. ಜೊಂಡಿನ ನೆರಳಿನಲ್ಲಿ ಅಲುಗದೆ ನಿಂತು, ಎದುರಿಗೆ ಸುಳಿದದ್ದನ್ನು ಒಮ್ಮೆಗೇ ಬಾಯಿ ತೆರೆದು ಒಳಗೆಳೆದುಕೊಳ್ಳುತ್ತದೆ. ಗಿಡ, ಬಯಲು ನೀರು, ಇವೆರಡರ ನಡುವಿನ ಅಂಚು ಅದರ ಮನೆ. ಗಾಳಗಾರರು ಇಡೀ ಸರೋವರವನ್ನು ಬಿಟ್ಟು ಈ ಅಂಚನ್ನೇ ಹುಡುಕಿಕೊಂಡು ಹೋಗುವುದು ಅದಕ್ಕಾಗಿ.

ಮರಿ ಮಾಡುವ ಕಾಲ ಬಂದಾಗ, ಅಂದರೆ ನಡು ಫ್ಲಾರಿಡಾದಲ್ಲಿ ಚಳಿಗಾಲದ ಕೊನೆಯಿಂದ ವಸಂತದವರೆಗೆ, ಗಂಡು ಮೀನು ಮೊಣಕಾಲಿನಿಂದ ಸೊಂಟದಷ್ಟು ಆಳದ ಜಾಗವೊಂದನ್ನು ಆರಿಸುತ್ತದೆ. ಬಾಲವನ್ನು ಪಕ್ಕಕ್ಕೆ ಬಡಿದು ಬಡಿದು ಮೇಲಿನ ಧೂಳನ್ನೆಲ್ಲ ಗುಡಿಸಿ ತಟ್ಟೆಯಾಕಾರದ ಗುಳಿ ಮಾಡುತ್ತದೆ. ಗಟ್ಟಿ ಮರಳು ಸಿಕ್ಕರೆ ಉತ್ತಮ. ಸಿಗದಿದ್ದರೆ ತಾವರೆಯಂಥ ಗಿಡಗಳ ದಪ್ಪ ಬೇರಾದರೂ ಆದೀತು. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಗಂಡು ಅಲ್ಲೇ ನಿಂತು ರೆಕ್ಕೆಯಿಂದ ನೀರು ಬೀಸುತ್ತ, ಹತ್ತಿರ ಬಂದ ಪ್ರತಿಯೊಂದನ್ನೂ ಅಟ್ಟುತ್ತ ಕಾಯುತ್ತದೆ. ಹಸಿವಿಲ್ಲದಿದ್ದರೂ ಗಾಳಕ್ಕೆ ಬಾಯಿ ಹಾಕುವುದು ಆಗ. ಗುಳಿಯ ಮೇಲೆ ನುಣ್ಣನೆಯ ಹೂಳು ಬಂದು ಕುಳಿತರೆ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಮೊಟ್ಟೆಯೊಡೆದರೂ ಅಡಗಲು ಗಿಡಗಳಿಲ್ಲದ ಮರಿ ಇನ್ನೊಬ್ಬರ ತುತ್ತು. ಗಟ್ಟಿ ನೆಲ, ತಿಳಿನೀರು, ಗಿಡ, ಈ ಮೂರರಲ್ಲಿ ಒಂದು ತಪ್ಪಿದರೂ ಬಾಸ್ ಉಳಿಯುವುದು ಕಷ್ಟ. ಅಪಾಪ್ಕದಲ್ಲಿ ಮೂರೂ ಒಟ್ಟಿಗೇ ಹೋದವು.

ಒಡ್ಡು ಕಟ್ಟಿದ ಮೇಲೆ

ಎರಡನೆಯ ಮಹಾಯುದ್ಧದ ಹೊತ್ತಿಗೆ ದೇಶಕ್ಕೆ ಆಹಾರ ಬೇಕಿತ್ತು. 1940ರ ದಶಕದಲ್ಲಿ ಉತ್ತರ ದಡದ ಜೌಗಿಗೆ ಒಡ್ಡು ಹಾಕಿ ಸರೋವರದಿಂದ ಬೇರ್ಪಡಿಸಿದರು. ಒಳಗಿನ ನೀರನ್ನು ಪಂಪ್ ಮಾಡಿ ಹೊರಹಾಕಿ ಸುಮಾರು 80 ಚದರ ಕಿಲೋಮೀಟರ್ ನೆಲವನ್ನು ಹೊಲ ಮಾಡಿದರು. ಸಾವಿರಾರು ವರ್ಷಗಳ ಹುಲ್ಲು ಕೊಳೆತು ಆದ ಕಪ್ಪು ಮಣ್ಣು. ಮೆಕ್ಕೆಜೋಳ, ಕ್ಯಾರೆಟ್, ಸೊಪ್ಪು, ಏನು ಹಾಕಿದರೂ ಹುಲುಸಾಗಿ ಬರುತ್ತಿತ್ತು. ಬೇಸಾಯದ ದೃಷ್ಟಿಯಿಂದ ಇದು ಜಾಣತನವೇ. ಆಗಿನ ಯಾರೂ ಇದನ್ನು ಅನಾಹುತವೆಂದು ಕರೆಯಲಿಲ್ಲ.

ಆದರೆ ಆ ಮಣ್ಣಿಗೆ ಒಂದು ಗುಣವಿದೆ. ನೀರಿನಡಿ ಇರುವವರೆಗೆ ಅದು ಭದ್ರ. ಒಣಗಿ ಗಾಳಿ ತಾಗಿದ ಕೂಡಲೇ ಕೊಳೆಯಲು ತೊಡಗಿ ವರ್ಷದಿಂದ ವರ್ಷಕ್ಕೆ ತಗ್ಗುತ್ತದೆ, ತನ್ನೊಳಗಿನ ರಂಜಕವನ್ನು, ಅಂದರೆ ಪಾಚಿಗೆ ಗೊಬ್ಬರವಾಗುವ ಫಾಸ್ಫರಸ್ಸನ್ನು, ಬಿಟ್ಟುಕೊಡುತ್ತದೆ. ಹೊಲಗಳು ಸರೋವರದ ನೀರಿನ ಮಟ್ಟಕ್ಕಿಂತ ಕೆಳಗಿಳಿದವು. ನೀರು ಬೇಕೆಂದಾಗ ತೂಬು ಎತ್ತಿದರೆ ಸಾಕು, ಸರೋವರದಿಂದ ತಾನೇ ಹರಿದು ಬರುತ್ತಿತ್ತು. ಮಳೆ ಹೆಚ್ಚಾದಾಗಲೂ, ಕೀಟ ಮತ್ತು ಜಂತುಗಳ ಕಾಟ ತಗ್ಗಿಸಲು ಹೊಲವನ್ನು ಮುಳುಗಿಸಿಟ್ಟ ಮೇಲೂ, ಆ ನೀರನ್ನೆಲ್ಲ ಮತ್ತೆ ಸರೋವರಕ್ಕೇ ಪಂಪ್ ಮಾಡಬೇಕಿತ್ತು. ಗೊಬ್ಬರ ಮತ್ತು ಮಣ್ಣಿನ ರಂಜಕವೆರಡೂ ಅದರೊಡನೆ ಹೋದವು. ಅರ್ಧ ಶತಮಾನ ಇದೇ ನಡೆಯಿತು. ದಕ್ಷಿಣ ದಡದ ವಿಂಟರ್ ಗಾರ್ಡನ್ ಊರಿನ ಚರಂಡಿ ನೀರು, ಕಿತ್ತಳೆ ಸಂಸ್ಕರಣೆಯ ಕೊಳೆ ನೀರು ಬೇರೆ.

1947ರಲ್ಲಿ ಚಂಡಮಾರುತ ಬೀಸಿತು. ತಳದ ಗಿಡಗಳು ಕಿತ್ತು ರಾಶಿರಾಶಿಯಾಗಿ ದಡ ಸೇರಿದವು. ಅದೇ ವರ್ಷ ಸರೋವರ ಮೊದಲ ಬಾರಿಗೆ ಪಾಚಿಯಿಂದ ಹಸಿರಾದದ್ದು ದಾಖಲಾಗಿದೆ. ಚಂಡಮಾರುತಗಳು ಫ್ಲಾರಿಡಾಕ್ಕೆ ಹೊಸವಲ್ಲ, ಗಿಡ ಕಿತ್ತುಹೋಗುವುದೂ ಹೊಸದಲ್ಲ. ಹಿಂದೆಲ್ಲ ಅವು ಮತ್ತೆ ಚಿಗುರಿದ್ದವು. ಈ ಸಲ ಚಿಗುರಲು ಬೆಳಕು ಸಾಲಲಿಲ್ಲ. ಗೊಬ್ಬರ ತಿಂದ ಪಾಚಿ ಮೇಲೆ ಹರಡಿತ್ತು, ಪಾಚಿ ಸತ್ತು ಕೆಳಗಿಳಿದು ಹೊಸ ಹೂಳಾಯಿತು, ಆ ಹೂಳನ್ನು ಗಾಳಿ ಎಬ್ಬಿಸಿತು, ಎದ್ದ ಹೂಳು ಬೆಳಕನ್ನು ಇನ್ನಷ್ಟು ಕಡಿಮೆ ಮಾಡಿತು. ನೀರಿನ ತಿಳಿಯನ್ನು ಅಳೆಯಲು ಊಟದ ತಟ್ಟೆಯಷ್ಟು ಅಗಲದ ಕಪ್ಪು-ಬಿಳಿ ಬಿಲ್ಲೆಯನ್ನು ದಾರದಲ್ಲಿ ಇಳಿಬಿಡುತ್ತಾರೆ. ಕೆಟ್ಟ ದಶಕಗಳಲ್ಲಿ ಅಪಾಪ್ಕದಲ್ಲಿ ಆ ಬಿಲ್ಲೆ ಒಂದಡಿ ಇಳಿಯುವ ಮೊದಲೇ ಮರೆಯಾಗುತ್ತಿತ್ತು.

ಶ್ಯಾಡ್ ಮೀನಿನ ಕಾರುಬಾರು

ಬಾಸ್ ಬಿಟ್ಟ ಜಾಗಕ್ಕೆ ಗಿಜರ್ಡ್ ಶ್ಯಾಡ್ ಬಂತು. ಬೆಳ್ಳಿ ಬಣ್ಣದ ಈ ಮೀನು ಪಾಚಿ, ಸೂಕ್ಷ್ಮಜೀವಿ, ತಳದ ರಾಡಿ ಇವುಗಳಲ್ಲೇ ಬದುಕುತ್ತದೆ. ಗಾಳಕ್ಕೆ ಬೀಳುವುದಿಲ್ಲ, ಬಿದ್ದರೂ ಯಾರಿಗೂ ಬೇಡ. ಮರಿಯಾಗಿದ್ದಾಗ ಬಾಸ್ ಅದನ್ನು ತಿನ್ನುತ್ತದೆ, ಆದರೆ ಅದು ಬೇಗ ಬೆಳೆದು ಬಾಸ್ ಬಾಯಿಗೆ ಹಿಡಿಸದಷ್ಟು ದೊಡ್ಡದಾಗಿಬಿಡುತ್ತದೆ. ತಳವನ್ನು ಕೆದಕಿ ತಿಂದು, ಅಲ್ಲಿನ ರಂಜಕವನ್ನು ಹೊಟ್ಟೆಯ ಮೂಲಕ ನೀರಿಗೆ ಬಿಟ್ಟು, ಪಾಚಿಗೆ ಮತ್ತೆ ಗೊಬ್ಬರ ಒದಗಿಸುತ್ತದೆ.

1950ರ ದಶಕದ ಕೊನೆಯಲ್ಲಿ ರಾಜ್ಯದ ಮೀನುಗಾರಿಕಾ ಅಧಿಕಾರಿಗಳು ರೋಟಿನೋನ್ ಎಂಬ ಮೀನುವಿಷ ಹಾಕಿ ಶ್ಯಾಡ್ ಸಂಖ್ಯೆಯನ್ನು ತಗ್ಗಿಸಲು ನೋಡಿದರು. ರಾಶಿ ರಾಶಿ ಸತ್ತಿತು. ಸರೋವರದ ಸ್ವಭಾವ ಬದಲಾಗಲಿಲ್ಲ, ಶ್ಯಾಡ್ ಮತ್ತೆ ತುಂಬಿಕೊಂಡಿತು. ಕಾರಣ ಕಠಿಣವೇನಲ್ಲ: ಶ್ಯಾಡ್ ರೋಗವಲ್ಲ, ಲಕ್ಷಣ. ಮೀನನ್ನು ಕೊಂದರೆ ಸಾಲದು, ಅದರ ಮೈಯಲ್ಲಿರುವ ರಂಜಕವನ್ನು ನೀರಿನಿಂದ ಹೊರಗೆ ಸಾಗಿಸಬೇಕು. 1993ರಿಂದ ನಡೆದದ್ದು ಅದೇ. ಸೇಂಟ್ ಜಾನ್ಸ್ ನದಿ ಕಣಿವೆಯ ಜಲ ನಿರ್ವಹಣಾ ಸಂಸ್ಥೆ ವೃತ್ತಿಪರ ಬಲೆಗಾರರಿಗೆ ಹಣ ಕೊಟ್ಟು ಲಕ್ಷಗಟ್ಟಲೆ ಕಿಲೋ ಶ್ಯಾಡ್ ಹಿಡಿಸಿ ಹೊರಸಾಗಿಸಿತು. ಗಾಳಗಾರರು ಬಯಸುವ ಮೀನು ಉಳಿಯಲೆಂದು ಬೇರೊಂದು ಮೀನನ್ನು ದುಡ್ಡು ಕೊಟ್ಟು ಹಿಡಿಸುವುದು ನೋಡಲು ವಿಚಿತ್ರ, ಆದರೆ ತರ್ಕ ಸರಿಯಾಗಿತ್ತು.

ರಂಜಕವೋ, ಗಾಳಿಯೋ

ಇಲ್ಲಿ ವಿಜ್ಞಾನಿಗಳೊಳಗೇ ಒಂದು ಜಟಾಪಟಿ ನಡೆಯಿತು, ಈ ಪ್ರಕರಣದ ನಿಜವಾದ ತಿರುಳು ಇದೇ ಎಂದು ನನ್ನ ಎಣಿಕೆ. ಜಲ ಸಂಸ್ಥೆಯ ವಿಜ್ಞಾನಿಗಳು ಹೇಳಿದ್ದು: ಹೊಲದಿಂದ ಬರುವ ರಂಜಕ ನಿಲ್ಲಿಸಿ, ಪಾಚಿ ಇಳಿಯುತ್ತದೆ, ಬೆಳಕು ತಳ ಮುಟ್ಟುತ್ತದೆ, ಗಿಡ ಬರುತ್ತದೆ. ಫ್ಲಾರಿಡಾ ವಿಶ್ವವಿದ್ಯಾಲಯದ ರೋಜರ್ ಬಾಕ್‌ಮನ್ ಮತ್ತು ಸಂಗಡಿಗರು 1999ರಲ್ಲಿ ಒಪ್ಪಲಿಲ್ಲ. ಅವರ ಪ್ರಕಾರ ಗಿಡ ಹೋದದ್ದು ಚಂಡಮಾರುತದಿಂದ. ಗಿಡ ಬಾರದಿರುವುದಕ್ಕೆ ಕಾರಣ ತಳದ ಸಡಿಲ ರಾಡಿ ಮತ್ತು ಅದನ್ನು ಸದಾ ಎಬ್ಬಿಸುವ ಗಾಳಿ. ರಂಜಕ ತಗ್ಗಿಸಿದ ಮಾತ್ರಕ್ಕೆ ಏನೂ ಆಗದು. ಬಾಸ್ ಬೇಕಿದ್ದರೆ ಅಲೆ ತಡೆಯುವ ದಿಬ್ಬಗಳನ್ನು ಕಟ್ಟಿ ಗಿಡಗಳಿಗೆ ಆಸರೆ ಮಾಡಿ ಎಂಬುದು ಅವರ ವಾದದ ಸಾರ.

ಇಬ್ಬರೂ ಆಧಾರವಾಗಿ ಹಿಡಿದದ್ದು ಒಂದೇ ಸಿದ್ಧಾಂತವನ್ನು. ಆಳವಿಲ್ಲದ ಸರೋವರಗಳಿಗೆ ಎರಡು ಸ್ಥಿರ ಸ್ಥಿತಿಗಳಿವೆ, ಗಿಡ ತುಂಬಿದ ತಿಳಿನೀರು ಒಂದು, ಪಾಚಿ ತುಂಬಿದ ಕದಡಿದ ನೀರು ಇನ್ನೊಂದು. ಎರಡೂ ತಮ್ಮನ್ನು ತಾವೇ ಕಾಯ್ದುಕೊಳ್ಳುತ್ತವೆ ಎಂದು ನೆದರ್ಲೆಂಡ್ಸ್‌ನ ಮಾರ್ಟನ್ ಶೆಫರ್ ಮೊದಲಾದವರು 1990ರ ದಶಕದಲ್ಲಿ ವಿವರಿಸಿದ್ದರು. ಒಂದರಿಂದ ಇನ್ನೊಂದಕ್ಕೆ ಹೊರಳಲು ಸಣ್ಣ ಪೆಟ್ಟು ಸಾಕು, ಮರಳಲು ಬಂದ ದಾರಿಗಿಂತ ಬಹಳ ಹಿಂದಕ್ಕೆ ಹೋಗಬೇಕು. ಹೊರಳಿಸಿದ್ದು ಗಾಳಿಯಾಗಿರಬಹುದು. ಆದರೆ ಅದೇ ಗಾಳಿ ನೂರಾರು ವರ್ಷ ಬೀಸಿಯೂ ಹೊರಳಿಸಲಾಗದ ಸರೋವರ ಒಡ್ಡು ಕಟ್ಟಿದ ಕೆಲವೇ ವರ್ಷಗಳಲ್ಲಿ ಹೊರಳಿತೆಂದರೆ, ರಂಜಕವನ್ನು ನಿರ್ದೋಷಿಯೆಂದು ಬಿಟ್ಟು ಕಳಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ತಳದ ರಾಡಿಯ ವಿಷಯದಲ್ಲಿ ಮಾತ್ರ ಬಾಕ್‌ಮನ್ ಮಾತು ತೂಕದ್ದು. ಗಿಡಗಳು ಮರಳಿದಾಗಲೂ ಮೊದಲು ಮರಳಿದ್ದು ದಡದಂಚಿನ ಗಟ್ಟಿ ಮರಳಿನಲ್ಲೇ.

ಹೊಲಕ್ಕೆ ನೀರು ಬಿಟ್ಟ ಚಳಿಗಾಲ

1996ರಲ್ಲಿ ರಾಜ್ಯದ ಶಾಸನಸಭೆ ಕಾನೂನು ಮಾಡಿ ಹೊಲಗಳನ್ನು ಕೊಳ್ಳಲು ಮುಂದಾಯಿತು. ಸರೋವರದ ರಂಜಕದ ಗುರಿಯನ್ನು ಲೀಟರ್ ನೀರಿಗೆ 55 ಮೈಕ್ರೊಗ್ರಾಂ ಎಂದು ನಿಗದಿಪಡಿಸಿದರು. ಆಗ ಇದ್ದದ್ದು 200ರ ಆಸುಪಾಸು. ಸುಮಾರು 10 ಕೋಟಿ ಡಾಲರ್ ಖರ್ಚಾಯಿತು. 1998ರ ಹೊತ್ತಿಗೆ ಬೇಸಾಯ ನಿಂತಿತು. ಭೂಮಾಲೀಕರಿಗೆ ಬೆಲೆ ಸಿಕ್ಕಿತು. ಆ ಹೊಲಗಳಲ್ಲಿ ದುಡಿಯುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಕೂಲಿಗಳಿಗೆ ಕೆಲಸ ಹೋಯಿತು. ಅವರಲ್ಲಿ ಬಹಳಷ್ಟು ಜನ ಕಪ್ಪು ಜನಾಂಗದವರು, ದಶಕಗಳ ಕಾಲ ಕೀಟನಾಶಕದ ನಡುವೆ ಕೆಲಸ ಮಾಡಿದವರು. ಗಾಳದ ಬರಹಗಳಲ್ಲಿ ಅವರ ಪ್ರಸ್ತಾಪ ಬರುವುದು ಅಪರೂಪ.

ಆ ವರ್ಷದ ಬೇಸಗೆಯ ನಂತರ, ಜೌಗನ್ನು ಮರಳಿಸುವ ಉತ್ಸಾಹದಲ್ಲಿ, ಹೊಲಗಳಿಗೆ ನೀರು ತುಂಬಿಸಿದರು. ಹಕ್ಕಿಗಳು ಹಿಂಡುಹಿಂಡಾಗಿ ಬಂದವು. ಬೆಳ್ಳನೆಯ ಪೆಲಿಕನ್, ಕೊಕ್ಕರೆ, ಬಕ. 1998-99ರ ಚಳಿಗಾಲದಲ್ಲಿ ಅವು ಸಾಯತೊಡಗಿದವು. ಸ್ಥಳದಲ್ಲೇ ಸಿಕ್ಕ ಹೆಣಗಳು ಆರುನೂರಕ್ಕೂ ಹೆಚ್ಚು. ಹೊಲದ ಮಣ್ಣಿನಲ್ಲಿ ಉಳಿದಿದ್ದ ಟಾಕ್ಸಾಫಿನ್, ಡೀಲ್ಡ್ರಿನ್, ಡಿಡಿಟಿ ವರ್ಗದ ವಿಷಗಳು ಮೀನಿಗೇರಿ, ಮೀನಿನಿಂದ ಹಕ್ಕಿಗೇರಿದ್ದವು. ನೀರನ್ನು ಮತ್ತೆ ಬಸಿದರು. ಮುಂದೆ ವಿಷ ಹೆಚ್ಚಿದ್ದ ಕಡೆಗಳಲ್ಲಿ ದೊಡ್ಡ ನೇಗಿಲಿನಿಂದ ಆಳವಾಗಿ ಉತ್ತು ಮೇಲ್ಮಣ್ಣನ್ನು ಕೆಳಗೆ ಹೂತು, ಕೆಳಗಿನ ಮಣ್ಣನ್ನು ಮೇಲೆ ತಂದು, ಆಮೇಲೆ ಹಂತಹಂತವಾಗಿ ನೀರು ಬಿಟ್ಟರು. ಇದೇ ಸರೋವರದ ಮೊಸಳೆ ಜಾತಿಯ ಆಲಿಗೇಟರ್‌ಗಳ ಸಂತಾನಶಕ್ತಿ ಕುಂದಿದ್ದನ್ನು ಅಧ್ಯಯನ ಮಾಡಿ ಲೂಯಿ ಗಿಲೆಟ್ ಅವರು ಹಾರ್ಮೋನ್ ಕೆಡಿಸುವ ರಾಸಾಯನಿಕಗಳ ಬಗ್ಗೆ ಜಗತ್ತಿನ ಗಮನ ಸೆಳೆದದ್ದು ಇದಕ್ಕೂ ಮುಂಚಿನ ಮಾತು.

2003ರಲ್ಲಿ ವಾಯವ್ಯ ದಡದಲ್ಲಿ ಜೌಗಿನ ಸೋಸುಮಡಿಗಳು ಕೆಲಸ ಆರಂಭಿಸಿದವು. ಸುಮಾರು 300 ಹೆಕ್ಟೇರ್ ಜೊಂಡಿನ ಮಡಿಗಳ ಮೂಲಕ ಸರೋವರದ ನೀರನ್ನೇ ಹರಿಸಿ, ಕಣಗಳನ್ನು ಕೂರಿಸಿ, ತುಸು ತಿಳಿಯಾದ ನೀರನ್ನು ಮರಳಿ ಬಿಡುವ ಏರ್ಪಾಡು. ಶ್ಯಾಡ್ ಹಿಡಿಯುವುದು, ಹೊಲ ನಿಲ್ಲಿಸಿದ್ದು, ಈ ಮಡಿಗಳು, ಇವೆಲ್ಲದರ ಒಟ್ಟು ಫಲವಾಗಿ ರಂಜಕ ಅರ್ಧಕ್ಕಿಂತ ಕೆಳಗಿಳಿಯಿತು. ಬಹುಕಾಲದ ನಂತರ ಎಲ್‌ಗ್ರಾಸ್ ತೇಪೆತೇಪೆಯಾಗಿ ತಲೆಯೆತ್ತಿತು.

ಈಗ ಗಾಳ ಎಲ್ಲಿ ಬೀಳುತ್ತದೆ

ಇಂದು ಅಪಾಪ್ಕಕ್ಕೆ ಗಾಳ ಹಿಡಿದು ಹೋಗುವವರು ಸರೋವರದ ಬಹುಭಾಗವನ್ನು ಮುಟ್ಟುವುದೇ ಇಲ್ಲ. ನಡುನೀರು ಹಸಿರು-ಕಂದು, ತಳ ರಾಡಿ, ಗಾಳಿ ಎದ್ದರೆ ಗಿಡ್ಡ ಚೂಪು ಅಲೆಗಳು ಚಿಕ್ಕ ದೋಣಿಯನ್ನು ಕುಟ್ಟುತ್ತವೆ. ಮೀನಿರುವುದು ಅಂಚಿನಲ್ಲಿ: ಜೊಂಡಿನ ಬದಿ, ಎಲ್‌ಗ್ರಾಸ್ ತೇಪೆಗಳು, ಬುಗ್ಗೆಯ ನೀರು ತಿಳಿಯಾಗಿ ಹರಡುವ ಗೋರ್ಡ್ ನೆಕ್, ಮತ್ತು ಸರೋವರಕ್ಕಿಂತ ಆಳವಾಗಿರುವ ಕಾಲುವೆಗಳು. ಚಳಿಗಾಲದಲ್ಲಿ ಕಪ್ಪು ಕ್ರಾಪಿ ಮೀನು ನಂಬಿಕೆಯ ಬೇಟೆ. ಕದಡಿದ ನೀರನ್ನು ಅದು ಬಾಸ್‌ಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ದೋಣಿಯ ಮುಂದೆ ಹಲವು ಕೋಲುಗಳನ್ನು ಬೀಸಣಿಗೆಯಂತೆ ಚಾಚಿ, ಸಣ್ಣ ಜೀವಂತ ಮೀನು ಕಟ್ಟಿ, ಗಾಳಿಗೆ ದೋಣಿ ತೇಲಲು ಬಿಡುವುದು ವಾಡಿಕೆ.

ಬಾಸ್ ಹಿಡಿಯಬೇಕಾದರೆ ಗಿಡಗಳೊಳಗೇ ಗಾಳ ಇಳಿಸಬೇಕು, ಅಲ್ಲಿ ತೆರೆದ ಕೊಕ್ಕೆ ಒಂದು ಮಾರು ದೂರವೂ ಬಾರದೆ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ರಬ್ಬರಿನ ಹುಳುವಿನ ತಲೆಗೆ ಕೊಕ್ಕೆಯನ್ನು ಚುಚ್ಚಿ ಹೊರತೆಗೆದು, ಕೊಕ್ಕೆಯನ್ನು ತಿರುಗಿಸಿ, ಮೊನೆಯನ್ನು ಹುಳುವಿನ ಮೈಯಲ್ಲೇ ಹುದುಗಿಸುತ್ತಾರೆ. ಮುಂದೆ ಗುಂಡಿನಾಕಾರದ ಚಿಕ್ಕ ಸೀಸ. ಹುಲ್ಲಿನ ನಡುವಿನ ಅಂಗೈಯಗಲದ ಬಿಡುವಿಗೆ ಅದನ್ನು ಸದ್ದಾಗದಂತೆ ಇಳಿಬಿಟ್ಟು, ದಾರವನ್ನು ಸಡಿಲ ಬಿಟ್ಟು ನೋಡುತ್ತಿರಬೇಕು. ಬಾಸ್ ಕಚ್ಚಿದ್ದು ಕೈಗೆ ತಿಳಿಯುವ ಮೊದಲೇ ದಾರ ಪಕ್ಕಕ್ಕೆ ಸರಿಯುತ್ತದೆ. ಜಗ್ಗಿದಾಗ ಮೊನೆ ರಬ್ಬರನ್ನು ಸೀಳಿ ಹೊರಬರುತ್ತದೆ. ಸಡಿಲ ತಳದಲ್ಲಿ ಭಾರದ ಸೀಸ ಹಾಕಿದರೆ ಹುಳು ರಾಡಿಯೊಳಗೆ ಹೂತುಹೋಗಿ ಮೀನಿಗೆ ಕಾಣುವುದೇ ಇಲ್ಲ. ಸೀಸ ರಾಡಿಯಲ್ಲಿ ಮೆಲ್ಲಗೆ ಇಳಿಯುತ್ತದೋ, ಮರಳಿಗೆ ತಟ್ಟುತ್ತದೋ ಎಂದು ಬೆರಳಿನಿಂದಲೇ ತಿಳಿಯಬಲ್ಲವರು ಇಲ್ಲಿ ಬರಿಗೈಯಲ್ಲಿ ಮರಳುವುದು ಕಡಿಮೆ. ಪರವಾನಗಿ ಕಡ್ಡಾಯ. ರಾಜ್ಯವಿಡೀ ಅನ್ವಯಿಸುವ 2016ರ ನಿಯಮದಂತೆ ದಿನಕ್ಕೆ ಐದು ಬಾಸ್ ಇಟ್ಟುಕೊಳ್ಳಬಹುದು. ಅದರಲ್ಲಿ 16 ಇಂಚು ಅಥವಾ ಅದಕ್ಕಿಂತ ಉದ್ದದ್ದು ಒಂದೇ.

ಹಳೆಯ ಕೀರ್ತಿ ಮರಳಿದೆ ಎನ್ನುವಂತಿಲ್ಲ. ಮರಿಗಳನ್ನು ತಂದು ಬಿಟ್ಟರೆ ಸಾಕು ಎನ್ನುವವರು ಇದ್ದಾರೆ. ರಾಜ್ಯ ಬಿಟ್ಟದ್ದೂ ಉಂಟು. ಅಡಗಲು ಗಿಡವಿಲ್ಲದ ನೀರಿಗೆ ಮರಿ ಬಿಡುವುದು ಕಾಲಹರಣ. ಗಿಡವಿದ್ದರೆ ಹಳೆಯ ಮೀನುಗಳೇ ಮರಿ ಮಾಡಿಕೊಳ್ಳುತ್ತವೆ.

ಹೊಸ ತಕರಾರು ಹೈಡ್ರಿಲಾ ಗಿಡದ್ದು. ಏಷ್ಯಾ ಮೂಲದ ಈ ಗಿಡ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾ ಸೇರಿತು, ಅಪಾಪ್ಕದಲ್ಲೂ ಕಾಣಿಸಿಕೊಂಡಿದೆ. ಕಡಿಮೆ ಬೆಳಕಿನಲ್ಲೂ ಬೆಳೆಯುತ್ತದೆ, ಬಾಸ್ ಅದರೊಳಗೆ ಸೊಗಸಾಗಿ ನಿಲ್ಲುತ್ತದೆ, ಗಾಳಗಾರರು ಅದನ್ನು ಬಯಸುತ್ತಾರೆ. ಅಧಿಕಾರಿಗಳು ಕಳೆನಾಶಕ ಹಿಡಿದು ನಿಲ್ಲುತ್ತಾರೆ, ಏಕೆಂದರೆ ಬಿಟ್ಟರೆ ಅದು ಕಾಲುವೆ ಮುಚ್ಚುತ್ತದೆ, ಎಲ್‌ಗ್ರಾಸ್ ಮೇಲೆ ಚಪ್ಪರ ಹಾಕಿ ಅದನ್ನು ಸಾಯಿಸುತ್ತದೆ. ದಶಕಗಟ್ಟಲೆ ಗಿಡವೇ ಇಲ್ಲದೆ ಕಳೆದ ಸರೋವರದಲ್ಲಿ ತಾನಾಗಿ ಬಂದು ಬೇರೂರಿದ ಗಿಡಕ್ಕೆ ಪೂರ್ತಿಯಾಗಿ ಮದ್ದು ಹೊಡೆಯುವುದು ನನಗಂತೂ ಆತುರದ ಕೆಲಸವಾಗಿ ಕಾಣುತ್ತದೆ. ಕಾಲುವೆ ಬಾಯಿ ಮತ್ತು ಎಲ್‌ಗ್ರಾಸ್ ತೇಪೆಗಳ ಸುತ್ತ ಮಾತ್ರ ತೆಗೆದು, ಅಲೆ ಹೆಚ್ಚು ಹೊಡೆಯುವ ನಡುಭಾಗದಲ್ಲಿ ಅದನ್ನು ಕೆಲಕಾಲ ಇರಲು ಬಿಟ್ಟರೆ ತಳದ ರಾಡಿ ಗಟ್ಟಿಗೊಳ್ಳಲು ಒಂದು ಅವಕಾಶವಾದರೂ ಸಿಗುತ್ತದೆ.